ಸೊನ್ನೆಯಮ್ಮನ ಇಪ್ಪತ್ತು ಹನಿ

ಊರಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸೊನ್ನೆಯಮ್ಮ ಎಂದೇ. ಹೆಸರಿಟ್ಟ ಪುಣ್ಯ ಅಕ್ಕನ ಗಂಡನದು. ಮೂವತ್ತು ಜನ ಊಟಕ್ಕೆ ಕೂತಿದ್ದ ಮನೆಯೊಂದರಲ್ಲಿ ಆತ ಲೋಟ ಹಿಡಿದು ಎದ್ದು ನಿಂತು, "ಬೇರೆಯವರು ದುಡಿದು ಏನಾದ್ರೂ ತರ್ತಾರೆ. ನನ್ನ ನಾದಿನಿ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ನೀರಿನ ಮುಂದೆ ಕೂತು 'ಇದರಲ್ಲಿ ಏನೂ ಇಲ್ಲ' ಅಂತ ಬರೆದು ಸಂಬಳ ತಗೊಳ್ತಾಳೆ. ಏನೂ ಇಲ್ಲದ್ದನ್ನ ಮಾರೋ ಇಂಥ ವ್ಯಾಪಾರ ನಾನು ಜನ್ಮದಲ್ಲಿ ಕಂಡಿಲ್ಲ!" ಎಂದು ಘೋಷಿಸಿದ. ಸೊನ್ನೆ ಅವತ್ತೇ ಅಂಟಿಕೊಂಡಿತು. ಅಂಟದೆ ಇನ್ನೇನು? ಭಾವ ಇಪ್ಪತ್ತೆಂಟು ವರ್ಷ ಮಾರುಕಟ್ಟೆಯ ಕಟ್ಟೆಯ ಮೇಲೆ ನಿಂತು ಹರಾಜು ಕೂಗಿದವನು. ಅವನು ಮಾತು ಎಸೆದರೆ ಹಿಂದಿನ ಸಾಲಿನ ಕಿವುಡನೂ ತಲೆ ಎತ್ತುತ್ತಿದ್ದ.

ಅವಳ ಕೆಲಸ ಊರಿನ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ. ಹೆಸರು ದೊಡ್ಡದು, ಇದ್ದದ್ದು ನೀರಿನ ಟ್ಯಾಂಕಿನ ಪಕ್ಕದ ಎರಡು ಕೋಣೆ. ಹೊರಗಿನ ಕೋಣೆಯಲ್ಲಿ ಕಾಗದ, ಕಪಾಟು, ಸಾಹೇಬರು. ಒಳಗಿನ ಕೋಣೆ ಅವಳದು. ಅಲ್ಲಿಗೆ ಕಾಲಿಡಬೇಕಾದರೆ ಚಪ್ಪಲಿ, ಉಂಗುರ, ಬಳೆ, ಮುಖದ ಪೌಡರು ಎಲ್ಲವೂ ಹೊಸ್ತಿಲಾಚೆ. ಸಾಹೇಬರು ಒಮ್ಮೆ ತಲೆಗೆ ಸುವಾಸನೆಯ ಎಣ್ಣೆ ಹಚ್ಚಿಕೊಂಡು ಬಂದಾಗ ಅವರನ್ನೂ ಬಾಗಿಲಲ್ಲೇ ನಿಲ್ಲಿಸಿದ್ದಳು. "ನಾನು ನಿಮ್ಮ ಮೇಲಧಿಕಾರಿ ಕಣ್ರೀ," ಎಂದಿದ್ದರು ಅವರು. "ನೀವು ಮೇಲಧಿಕಾರಿ ಅಂತ ನನಗೆ ಗೊತ್ತು ಸಾರ್, ಯಂತ್ರಕ್ಕೆ ಗೊತ್ತಿಲ್ಲ," ಎಂದಿದ್ದಳು ಇವಳು.

ಅಷ್ಟು ಬಿಗಿ ಯಾಕೆ ಎಂದು ಕೇಳಿದವರಿಗೆ ಅವಳು ಉತ್ತರ ಕೊಡುತ್ತಿದ್ದುದು ಕಡಿಮೆ. ಭಾವ ಬಿಡುವವನಲ್ಲ.

"ಎಷ್ಟು ಸಣ್ಣದನ್ನ ಹುಡುಕ್ತೀಯ ನೀನು?"

"ನೂರು ಕೋಟಿಯಲ್ಲಿ ಒಂದು ಪಾಲು."

"ನೂರು ಕೋಟಿ ನನ್ನ ಬಾಯಿಗೆ ಬಂದಿದೆ, ಬುದ್ಧಿಗೆ ಬಂದಿಲ್ಲ. ಬಿಡಿಸಿ ಹೇಳು."

ಅವಳು ಮನಸ್ಸಿನಲ್ಲೇ ಗುಣಿಸಿದಳು. "ನೂರು ಕೋಟಿ ಸೆಕೆಂಡು ಅಂದ್ರೆ ಸುಮಾರು ಮೂವತ್ತೆರಡು ವರ್ಷ, ಭಾವ. ಅದರಲ್ಲಿ ಒಂದು ಸೆಕೆಂಡು."

ಭಾವ ಅಡುಗೆಮನೆಯತ್ತ ತಿರುಗಿದ. "ಕೇಳಿದ್ಯೇನೇ? ನಮ್ಮ ಮದುವೆಯಾಗಿ ಮೂವತ್ತೆರಡು ವರ್ಷ. ಅದರಲ್ಲಿ ನೀನು ನನ್ನ ಮಾತು ಕೇಳಿದ್ದು ಒಂದೇ ಸೆಕೆಂಡು. ಅದನ್ನ ಹುಡುಕೋ ಯಂತ್ರ ನಿನ್ನ ತಂಗಿ ಹತ್ರ ಇದೆಯಂತೆ!"

"ಆ ಒಂದು ಸೆಕೆಂಡಿನಲ್ಲೇ ನಿಮ್ಮನ್ನ ಒಪ್ಕೊಂಡಿದ್ದು," ಎಂದಳು ಅಕ್ಕ ಒಳಗಿನಿಂದ. "ಹುಡುಕಿಸಿ ಕೊಡು ತಂಗಿ, ರದ್ದು ಮಾಡಿಸ್ತೀನಿ."

ಆ ಯಂತ್ರದ ಹೊಟ್ಟೆಯಲ್ಲಿ ಪೆನ್ಸಿಲ್ ಕಡ್ಡಿಯ ಜಾತಿಯದೊಂದು ಕಪ್ಪು ಕೊಳವೆ, ಕಿರುಬೆರಳಿನ ಅರ್ಧದಷ್ಟು. ಅದರೊಳಗೆ ನೀರಿನ ಒಂದು ಹನಿಗಿಂತ ಕಡಿಮೆ. ಮೊದಲು ಬೆಚ್ಚಗೆ ಕಾಯಿಸಿ ನೀರು ಆರಿಸಬೇಕು, ಆಮೇಲೆ ಕೊಳವೆ ಒಮ್ಮೆಗೇ ಬೆಳ್ಳಗೆ ಉರಿಯುವಂತೆ ಕಾಯಿಸಬೇಕು. ನೀರಿನಲ್ಲಿದ್ದ ಲೋಹ ಹೊಗೆಯಾಗಿ ಎದ್ದು, ಕೊಳವೆಯ ಮೂಲಕ ಹಾಯುವ ದೀಪದ ಬೆಳಕಿನಲ್ಲಿ ಒಂದು ಚೂರನ್ನು ನುಂಗುತ್ತದೆ. ಎಷ್ಟು ನುಂಗಿತು ಎಂಬುದನ್ನು ಕಾಗದದ ಮೇಲೆ ಗೀಟು ಬೆಟ್ಟದಂತೆ ಎದ್ದು ತೋರಿಸುತ್ತದೆ. ಬೆಟ್ಟ ಎತ್ತರವಿದ್ದರೆ ಲೋಹ ಹೆಚ್ಚು. ಇದಕ್ಕೂ ಮೊದಲು, ಒಳಗೆ ಏನೂ ಇಲ್ಲವೆಂದು ಅವಳು ಪ್ರಮಾಣ ಮಾಡಬಲ್ಲ ಶುದ್ಧ ನೀರನ್ನು ಹಾಕಿ ಒಂದು ಗೀಟು ಎಳೆಸುತ್ತಿದ್ದಳು. ಅದಕ್ಕೆ 'ಖಾಲಿ' ಎಂದು ಹೆಸರು. ಖಾಲಿಯಲ್ಲೂ ಒಂದು ಗುಬ್ಬಚ್ಚಿ ಮೊಟ್ಟೆಯಷ್ಟು ಉಬ್ಬು ಬಂದೇ ಬರುತ್ತದೆ: ಗಾಳಿಯ ಧೂಳು, ಆಸಿಡ್‌ನ ಕೊಳೆ, ಅವಳದೇ ಉಸಿರು. ಬಂದ ಉತ್ತರದಲ್ಲಿ ಖಾಲಿಯನ್ನು ಕಳೆದರೆ ಉಳಿದದ್ದು ನಿಜ. ಅಂಗಡಿಯವನು ಡಬ್ಬಿಯ ತೂಕ ಕಳೆದು ಎಣ್ಣೆಯ ತೂಕ ಹೇಳುವ ಹಾಗೆ. ಎಲ್ಲ ಅಂಗಡಿಯವರೂ ಕಳೆಯುತ್ತಾರೆಂದು ಇಲ್ಲಿ ಯಾರೂ ಹೇಳುತ್ತಿಲ್ಲ.

ಅವಳಿಗೆ ಇನ್ನೊಂದು ನಿಯಮವಿತ್ತು. ಹೊರಗೆ ಕಳಿಸುವ ಪ್ರತಿ ಪ್ಲಾಸ್ಟಿಕ್ ಸೀಸೆಗೂ ಮೊದಲೇ ಇಪ್ಪತ್ತು ಹನಿ ಆಸಿಡ್ ಹಾಕಿ ಮುಚ್ಚಳ ಬಿಗಿಯುತ್ತಿದ್ದಳು. ನೀರಿನಲ್ಲಿ ಲೋಹ ಇಷ್ಟು ವಿರಳವಾಗಿದ್ದಾಗ ಅದಕ್ಕೊಂದು ಚಾಳಿ ಇರುತ್ತದೆ. ಖಾಲಿ ಬಸ್ಸಿಗೆ ಹತ್ತಿದ ನಾಲ್ಕು ಜನ ನಾಲ್ಕು ಕಿಟಕಿ ಹಿಡಿಯುವ ಹಾಗೆ, ಅದು ನಡುನೀರು ಬಿಟ್ಟು ಸೀಸೆಯ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ತುಂಬಿದ ಬಸ್ಸಿನಲ್ಲಿ ಕಿಟಕಿಗೆ ಎಷ್ಟು ಜನ ಕೂತರೆ ಯಾರಿಗೇನು? ಇಲ್ಲಿ ಮಾತ್ರ ಇರುವವರೆಲ್ಲ ಕಿಟಕಿಯ ಪಕ್ಕವೇ. ನಡುವಿನಿಂದ ಒಂದು ಹನಿ ತೆಗೆದು ನೋಡಿದರೆ ಬಸ್ಸಿನಲ್ಲಿ ಜನವೇ ಇಲ್ಲವೆಂದು ಕಾಣುತ್ತದೆ. ಆಸಿಡ್ ಇದ್ದರೆ ಅವರು ನಡುವೆಯೇ ನಿಲ್ಲುತ್ತಾರೆ. ಹೀಗೆ ಇಪ್ಪತ್ತು ಹನಿ, ಎಣಿಸಿ, ತುಟಿ ಅಲ್ಲಾಡಿಸುತ್ತ, ಹತ್ತೊಂಬತ್ತು ವರ್ಷ.

ಎರಡು ವರ್ಷದ ಹಿಂದೆ ಭಾವನ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ಗಂಟೆ ಕುರ್ಚಿ. ಒಂದು ಸರದಿಗೆ ನೂರಿಪ್ಪತ್ತು ಲೀಟರ್ ನೀರು ಅವನ ರಕ್ತದ ಪಕ್ಕದಲ್ಲೇ ಹರಿಯುತ್ತದೆ, ನಡುವೆ ಇರುವುದು ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪೊರೆ. ನಾವು ಕುಡಿಯುವ ನೀರಿಗಾದರೆ ಹೊಟ್ಟೆ ಎಂಬ ಕಾವಲುಗಾರ ಇದ್ದಾನೆ. ಅಲ್ಲಿ ಕಾವಲುಗಾರ ಇಲ್ಲ. ನಲ್ಲಿ ನೀರನ್ನು ತಿಳಿ ಮಾಡಲು ಊರವರು ಪಟಿಕ ಹಾಕುತ್ತಾರೆ, ಪಟಿಕದಲ್ಲಿ ಅಲ್ಯೂಮಿನಿಯಂ ಇರುತ್ತದೆ. ಆಸ್ಪತ್ರೆಯ ಶೋಧಕ ಅದನ್ನು ತಡೆಯಬೇಕು. ತಡೆದ ಮೇಲೆ ಉಳಿದದ್ದು ನೂರು ಕೋಟಿಗೆ ಹತ್ತನ್ನು ದಾಟಬಾರದು. ದಾಟಿತೋ ಇಲ್ಲವೋ ಎಂದು ಹೇಳುವವಳು ಸೊನ್ನೆಯಮ್ಮ. ವಾರಕ್ಕೆ ಎರಡು ಸೀಸೆ ಸೋಮವಾರ ಅಲ್ಲಿಂದ ಬರುತ್ತಿದ್ದವು. ಅಲ್ಯೂಮಿನಿಯಂ ಅಳೆಯಲೆಂದೇ ಇಟ್ಟಿದ್ದ ಕೊಳವೆ ಯಂತ್ರಕ್ಕೆ ಏರುವುದು ಶನಿವಾರ. ಅವಳು ಅಳೆದು ಬರೆಯುತ್ತಿದ್ದಳು: ಐದು. ಆರು. ಐದು. ಆರು.

"ನನ್ನ ನೀರು ಹೇಗಿದೆ?" ಎಂದು ಭಾವ ಪ್ರತಿ ಶನಿವಾರ ಫೋನಿನಲ್ಲಿ ಕೇಳುತ್ತಿದ್ದ.

"ಆರು."

"ಆರು ಒಂದು ಸಲ, ಆರು ಎರಡು ಸಲ, ಆರು ಮೂರು ಸಲ! ಹೋಯ್ತು. ತಗೊಂಡೋರು ನಿನ್ನ ಭಾವ."

ಅವಳು ಮಾತ್ರ ಆ ಕೋಣೆಯನ್ನು ಒಮ್ಮೆಯೂ ನೋಡಿರಲಿಲ್ಲ. ಭಾವನ ಅಪ್ಪಣೆ. "ನನ್ನನ್ನ ಕಟ್ಟೆ ಮೇಲೆ ನಿಂತಿದ್ದಾಗ ನೋಡಿದೋರು ಆ ಕುರ್ಚೀಲಿ ಬಿದ್ದಿರೋವಾಗ ನೋಡಬಾರದು. ಯಾರೂ ಬರಕೂಡದು." ಅಕ್ಕನಿಗೇ ಹೊರಗಿನ ಬೆಂಚು. ಇನ್ನು ನಾದಿನಿಗೆ ಎಲ್ಲಿಂದ ಪ್ರವೇಶ? ಸೀಸೆಗಳು ಆಸ್ಪತ್ರೆಯ ಗಾಡಿಯಲ್ಲಿ ಹೋಗಿ ಗಾಡಿಯಲ್ಲಿ ಬರುತ್ತಿದ್ದವು.

ಮೂರು ತಿಂಗಳಿಂದೀಚೆಗೆ ಶನಿವಾರದ ಹರಾಜಿನಲ್ಲಿ ಒಂದು ತೊಡಕು ಕಾಣಿಸಿತು. "ಆರು ಒಂದು ಸಲ, ಆರು ಎರಡು..." ಎಂದವನು ನಿಲ್ಲುತ್ತಿದ್ದ. ತಂತಿಯ ಆ ತುದಿಯಲ್ಲಿ ಉಸಿರು ಕೇಳುತ್ತಿತ್ತು, ಮಾತು ಬರುತ್ತಿರಲಿಲ್ಲ. ಆಮೇಲೆ ಮುಚ್ಚಳ ಕಿತ್ತಂತೆ ಒಮ್ಮೆಗೇ, "ಸಲ!"

"ವಯಸ್ಸಾಯ್ತು," ಎಂದ ಭಾವ. "ಮೂಳೆಯೂ ನೋಯುತ್ತೆ, ನಾಲಿಗೆಯೂ ನೋಯುತ್ತೆ. ನಾಲಿಗೇಲಿ ಮೂಳೆ ಇಲ್ಲ ಅಂತಾರೆ, ನನಗೆ ಬೆಳೆದಿರಬೇಕು."

"ಇಪ್ಪತ್ತೆಂಟು ವರ್ಷ ಸವೆಸಿದ ನಾಲಿಗೆ. ಸ್ವಲ್ಪ ರಜ ಕೇಳುತ್ತೆ," ಎಂದಳು ಅಕ್ಕ. ಆದರೆ ಫೋನು ಇಡುವಾಗ ಅವಳ ದನಿ ನಗುತ್ತಿರಲಿಲ್ಲ.

ಕೆಲವರು ಇಂಥ ಹೊತ್ತಿನಲ್ಲಿ ಅಳುತ್ತಾರೆ, ಕೆಲವರು ಹರಕೆ ಹೊರುತ್ತಾರೆ. ಸೊನ್ನೆಯಮ್ಮ ಅಳೆದಳು. ಪ್ರಯೋಗಾಲಯದ ಸ್ಟಾಪ್‌ವಾಚನ್ನು ಕೈಚೀಲದಲ್ಲಿ ಮನೆಗೆ ತಂದಳು. ದಿನವೂ ಫೋನು ಮಾಡಿ ಯಾವುದೋ ನೆಪದಲ್ಲಿ ಭಾವನಿಂದ ಹರಾಜು ಕೂಗಿಸಿ, ಎರಡಕ್ಕೂ ಮೂರಕ್ಕೂ ನಡುವಿನ ಮೌನವನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಂಡಳು. ಡಯಾಲಿಸಿಸ್‌ಗೆ ಹೋಗದ ದಿನ ಒಂದೂವರೆ ಸೆಕೆಂಡು, ಎರಡು. ಹೋಗಿ ಬಂದ ಸಂಜೆ ನಾಲ್ಕು, ಐದು, ಒಮ್ಮೆ ಏಳು. ಮರುದಿನ ಮತ್ತೆ ಇಳಿತ.

ಮೂರು ವಾರದ ಅಂಕಿಗಳ ಮುಂದೆ ಕೂತು ಅವಳು ಪೆನ್ಸಿಲ್ ಕಚ್ಚಿದಳು. ವಯಸ್ಸಾದರೆ ದಿನವೂ ಆಗಬೇಕು. ವಾರಕ್ಕೆ ಮೂರೇ ದಿನ ವಯಸ್ಸಾಗುವ ಮನುಷ್ಯ ಎಲ್ಲಿದ್ದಾನೆ? ಇದು ಕುರ್ಚಿಯಿಂದ ಬರುತ್ತಿದೆ. ಕುರ್ಚಿಯ ನೀರಿಗೆ ಸಹಿ ಹಾಕುತ್ತಿರುವವಳು ತಾನು. ತನ್ನ ಸಹಿ ಹೇಳುತ್ತಿದೆ, ಆರು.

ಅವಳು ಯಂತ್ರವನ್ನು ಸಂಶಯಿಸಿದಳು. ಗೊತ್ತಿರುವಷ್ಟು ಲೋಹವನ್ನು ತಾನೇ ಬೆರೆಸಿ ಕೊಟ್ಟು ನೋಡಿದಳು. ಹತ್ತು ಕೊಟ್ಟರೆ ಹತ್ತು ಹೇಳಿತು, ಇಪ್ಪತ್ತು ಕೊಟ್ಟರೆ ಇಪ್ಪತ್ತು. ಯಂತ್ರ ಹರಿಶ್ಚಂದ್ರ. ಕೈಯನ್ನು ಸಂಶಯಿಸಿದಳು. ಖಾಲಿಯ ಗೀಟು ಗುಬ್ಬಚ್ಚಿ ಮೊಟ್ಟೆಯಷ್ಟೇ ಇತ್ತು. ತಕ್ಕಡಿ ಸರಿ, ಬಟ್ಟು ಸರಿ, ತೂಗುವವಳೂ ಸರಿ. ಹಾಗಿದ್ದೂ ಮನೆಗೆ ಹೋದ ಮೂಟೆ ಹಗುರ ಎಂದರೆ ಹಳೆಯ ವ್ಯಾಪಾರಿ ಮೊದಲು ನೋಡುವುದು ಚೀಲವನ್ನು. ಅವಳು ವ್ಯಾಪಾರಿಯಲ್ಲ, ಆದ್ದರಿಂದ ಅಲ್ಲಿಗೆ ತಲುಪಲು ಇನ್ನೂ ಒಂದು ವಾರ ಹಿಡಿಯಿತು. ತಲುಪಿಸಿದ್ದೂ ಅವಳ ಇನ್ನೊಂದು ಹುಚ್ಚೇ.

ಉಪಯೋಗಿಸಿದ ಸೀಸೆಗಳನ್ನು ಅವಳು ಹತ್ತು ಲೀಟರ್ ಆಸಿಡ್ ನೀರಿನ ತೊಟ್ಟಿಯಲ್ಲಿ ಒಂದು ದಿನ ಮುಳುಗಿಸಿಡುತ್ತಿದ್ದಳು, ಹಳೆಯ ನೀರಿನ ಗುರುತು ಹೊಸದಕ್ಕೆ ತಾಗದಿರಲಿ ಎಂದು. ತಿಂಗಳಿಗೊಮ್ಮೆ ತೊಟ್ಟಿಯ ನೀರು ಚೆಲ್ಲುವ ಮುನ್ನ ಅದನ್ನೂ ಅಳೆಯುತ್ತಿದ್ದಳು. ಪಾತ್ರೆ ತೊಳೆದ ನೀರನ್ನು ರುಚಿ ನೋಡುವ ಹೆಂಗಸು ಎಂದು ಸಾಹೇಬರು ನಗುತ್ತಿದ್ದರು. ಆ ತಿಂಗಳು ತೊಟ್ಟಿಯಲ್ಲಿ ಅಲ್ಯೂಮಿನಿಯಂ ಒಂಬತ್ತು ಬಂತು.

ಅವಳು ತೊಟ್ಟಿಯ ಹಳೆಯ ಪುಸ್ತಕ ತೆಗೆದಳು. ವರ್ಷಗಟ್ಟಲೆ ಎರಡು, ಎರಡು, ಒಂದೂವರೆ. ಐದು ತಿಂಗಳ ಹಿಂದೆ ಮೂರು. ಆಮೇಲೆ ಐದು, ಆರು, ಏಳು, ಎಂಟು. ಪಕ್ಕದಲ್ಲಿ ತನ್ನದೇ ಕೈಬರಹ: 'ಹೊಸ ಡಬ್ಬಿಯ ಆಸಿಡ್, ಗುಣ ಕಡಿಮೆ.' ತನ್ನ ಸಮಾಧಾನಕ್ಕೆ ತಾನೇ ಹೇಳಿಕೊಂಡ ಕಥೆ. ಈಗ ಆ ಡಬ್ಬಿಯ ಆಸಿಡ್ಡನ್ನೇ ಅಳೆದಳು. ಅದು ಹಾಲಿನಂತೆ ನಿರಪರಾಧಿ. ಹಾಗಾದರೆ ತೊಟ್ಟಿಗೆ ಲೋಹ ತಂದವರು ಯಾರು? ತೊಟ್ಟಿಯೊಳಗೆ ಇಳಿಯುವುದು ಖಾಲಿ ಸೀಸೆಗಳು ಮಾತ್ರ.

ಖಾಲಿ ಸೀಸೆಗಳನ್ನು ಅಳೆಯುವುದು ಹೇಗೆ? ಆ ವಾರ ಊರಿನ ಒಂಬತ್ತು ಜಾಗದಿಂದ ಬಂದಿದ್ದ ಸೀಸೆಗಳ ನೀರು ಚೆಲ್ಲಿ, ತೊಟ್ಟಿಗೆ ಹಾಕದೆ ಸಾಲಾಗಿ ನಿಲ್ಲಿಸಿದಳು. ಒಂದೊಂದಕ್ಕೂ ಎರಡು ಚಮಚೆಯಷ್ಟು ಆಸಿಡ್ ಹಾಕಿ, ಗೋಡೆಗೆಲ್ಲ ತಾಗುವಂತೆ ಗಿರಗಿರ ತಿರುಗಿಸಿ, ಮರುದಿನ ಆ ಆಸಿಡ್ಡನ್ನು ಕೊಳವೆಗೆ ಕೊಟ್ಟಳು. ಶಾಲೆಯ ನಲ್ಲಿಯ ಸೀಸೆ: ಪುಟ್ಟ ಉಬ್ಬು. ಬಸ್ ನಿಲ್ದಾಣ: ಪುಟ್ಟ ಉಬ್ಬು. ಕೆರೆಯ ಪಂಪು, ಅದೇ. ಆಸ್ಪತ್ರೆಯ ಸೀಸೆ ಹಾಕಿದಾಗ ಗೀಟು ಮೇಲೆದ್ದು, ಕಾಗದದ ಅಂಚು ಮುಟ್ಟಿ, ಅಲ್ಲೇ ನಿಂತುಬಿಟ್ಟಿತು. ಇಪ್ಪತ್ತು ಪಟ್ಟು ತೆಳು ಮಾಡಿ ಮತ್ತೆ ಹಾಕಿದಳು. ಬಂದದ್ದನ್ನು ಇಪ್ಪತ್ತರಿಂದ ಗುಣಿಸಿದರೆ ನಾನೂರಕ್ಕೂ ಮೇಲೆ.

ನೀರು ಇದ್ದಾಗ ಆರು ಎಂದಿದ್ದ ಸೀಸೆ, ಖಾಲಿಯಾದ ಮೇಲೆ ಬಾಯಿಬಿಟ್ಟಿತ್ತು. ಜನರೆಲ್ಲ ಕಿಟಕಿಗೆ ಅಂಟಿಕೊಂಡು ಕೂತಿದ್ದರು.

ಅವಳು ಹೆದರಿದ್ದು ನಿಜ. ಆದರೆ ಹೆದರಿಕೆಗಿಂತ ಮುಂದೆ ಓಡಿದ್ದು ಕುತೂಹಲ. ಎಂಟು ಸೀಸೆಗಳಲ್ಲಿ ಅಂಟದ್ದು ಇದೊಂದರಲ್ಲಿ ಯಾಕೆ ಅಂಟಿತು? ಆಸ್ಪತ್ರೆಯ ಎರಡನೆಯ ಸೀಸೆಯಲ್ಲಿ ಇನ್ನೂ ನೀರಿತ್ತು. ಹುಳಿ ತೋರಿಸುವ ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿದಳು. ಆಸಿಡ್ ಇದ್ದರೆ ಪಟ್ಟಿ ಕೆಂಪಾಗಬೇಕು. ಅದು ಹಳದಿಯಾಗಿಯೇ ಉಳಿಯಿತು. ಇನ್ನೊಂದು ಪಟ್ಟಿ, ಅದೂ ಹಳದಿ. ತಾನು ಎಣಿಸಿ ಹಾಕಿದ ಇಪ್ಪತ್ತು ಹನಿ ಸೀಸೆಯಲ್ಲಿ ಇರಲಿಲ್ಲ.

ಇಷ್ಟು ಸುಲಭದ ಪರೀಕ್ಷೆಯನ್ನು ಅವಳು ಒಮ್ಮೆಯೂ ಮಾಡಿರಲಿಲ್ಲ. ತಾನೇ ಉಪ್ಪು ಹಾಕಿದ ಅಡುಗೆಗೆ ಉಪ್ಪಿದೆಯೇ ಎಂದು ಯಾರು ಕೇಳುತ್ತಾರೆ?

ಸೋಮವಾರ ಬೆಳಿಗ್ಗೆ ಅವಳು ಸೀಸೆಗಳನ್ನು ಗಾಡಿಗೆ ಕೊಡದೆ ಚೀಲದಲ್ಲಿಟ್ಟುಕೊಂಡು ತಾನೇ ಆಸ್ಪತ್ರೆಗೆ ನಡೆದಳು. ಭಾವನ ಸರದಿ ಮಂಗಳವಾರ, ಅಪ್ಪಣೆ ಮೀರಿದಂತಾಗಲಿಲ್ಲ. ಡಯಾಲಿಸಿಸ್ ಕೋಣೆಯ ಯಂತ್ರ ನೋಡಿಕೊಳ್ಳುವವನು ಐವತ್ತರ ಆಸುಪಾಸಿನ ಮನುಷ್ಯ. ಅವನನ್ನು ಅಲ್ಲಿಯ ದಾದಿಯರು ಸ್ವಚ್ಛರಾಯ ಎನ್ನುತ್ತಿದ್ದರು. ಕುರ್ಚಿ ಒರೆಸಿ ಕೂರುತ್ತಿದ್ದ, ಎದ್ದ ಮೇಲೆ ಮತ್ತೆ ಒರೆಸುತ್ತಿದ್ದ. ಬಾಗಿಲ ಹಿಡಿಯನ್ನು ಮೊಣಕೈಯಿಂದಲೇ ತಿರುಗಿಸುತ್ತಿದ್ದ. ಅವನು ಬಂದು ಹನ್ನೊಂದು ತಿಂಗಳಾಗಿತ್ತು. ಬಂದಾಗಿನಿಂದ ಆ ಕೋಣೆಯಲ್ಲಿ ನೊಣ ಕೂಡ ಕಾಲು ಒರೆಸಿಕೊಂಡೇ ಒಳಗೆ ಬರುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಿದ್ದರಂತೆ.

"ಓಹೋ, ನೀರಿನ ಅಮ್ಮನವರು! ನೀವೇ ಬಂದ್ರಾ?" ಎಂದು ಅವನು ಸಂಭ್ರಮಪಟ್ಟ.

"ನೀವು ಸೀಸೆ ಹೇಗೆ ತುಂಬ್ತೀರಿ ಅಂತ ನೋಡೋಣ ಅಂತ ಬಂದೆ."

"ನೋಡಿ, ನೋಡಿ. ನನ್ನ ಕೆಲಸ ಯಾರು ಬೇಕಾದ್ರೂ ನೋಡಬಹುದು."

ಅವನು ಕೈಗವಸು ಹಾಕಿದ. ನಲ್ಲಿಯನ್ನು ಮೂರು ನಿಮಿಷ ಹರಿಯಬಿಟ್ಟ. ನಲ್ಲಿಯ ಬಾಯನ್ನು ಒರೆಸಿದ. ಸೀಸೆಯ ಮುಚ್ಚಳ ತೆಗೆದು, ತಳವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಸ್ವಲ್ಪ ನೀರು ಹಿಡಿದು, ಕುಲುಕಿ, ಚೆಲ್ಲಿದ. ಮತ್ತೆ ಹಿಡಿದು, ಕುಲುಕಿ, ಚೆಲ್ಲಿದ. ಮೂರನೆಯ ಸಲ ಇನ್ನೂ ಜೋರಾಗಿ.

"ಇದೇನು?" ಎಂದಳು ಸೊನ್ನೆಯಮ್ಮ, ದನಿಯನ್ನು ಹಿಡಿದುಕೊಂಡು.

ಅವನು ಅತ್ತಿತ್ತ ನೋಡಿ ಹತ್ತಿರ ಬಂದ. "ಬೇಜಾರು ಮಾಡ್ಕೋಬೇಡಿ ಅಮ್ಮಾ. ನಿಮ್ಮ ಸೀಸೆಯ ತಳದಲ್ಲಿ ಯಾವಾಗ್ಲೂ ಏನೋ ಹನಿ ಉಳಿದಿರುತ್ತೆ. ಸರಿಯಾಗಿ ಒಣಗಿಸದೆ ಕಳಿಸ್ತಾರೆ ನಿಮ್ಮ ಕಡೆಯೋರು. ಮೂಗಿಗೂ ಒಂಥರಾ ವಾಸನೆ. ನಾನು ಮೊದಲನೇ ವಾರವೇ ನೋಡಿದೆ. ಯಾರ ಹತ್ರವೂ ಹೇಳಲಿಲ್ಲ. ಪಾಪ, ಅವರ ಮಾನ ಯಾಕೆ ತೆಗೀಬೇಕು ಅಂತ ನಾನೇ ಮೂರು ಸಲ ತೊಳೆದು ತುಂಬ್ತೀನಿ."

"ಹನ್ನೊಂದು ತಿಂಗಳಿಂದ?"

"ಒಂದು ವಾರವೂ ತಪ್ಪಿಸಿಲ್ಲ," ಎಂದ ಸ್ವಚ್ಛರಾಯ ಹೆಮ್ಮೆಯಿಂದ.

ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಸೋಮಾರಿ ಯಾರಾದರೂ ಇದ್ದಿದ್ದರೆ ನಲ್ಲಿಗೆ ಹಿಡಿದು ಮುಚ್ಚಳ ಹಾಕಿ ಕಳಿಸುತ್ತಿದ್ದ, ಸರಿಯಾಗಿರುತ್ತಿತ್ತು. ಈ ಮನುಷ್ಯ ಶ್ರದ್ಧೆಯಿಂದ ಕೆಡಿಸಿದ್ದ, ಮೇಲೆ ಅವಳ ಮಾನವನ್ನೂ ಕಾಪಾಡಿದ್ದ.

"ಅದು ಕೊಳೆ ಅಲ್ಲ, ಅಣ್ಣಾ," ಎಂದಳು. "ಅದನ್ನ ನಾನೇ ಎಣಿಸಿ ಹಾಕ್ತೀನಿ. ಇಪ್ಪತ್ತು ಹನಿ. ಇದೇ ನಲ್ಲಿಯಿಂದ ಇನ್ನೊಂದು ಸೀಸೆ ಹಿಡೀರಿ, ಈ ಸಲ ತೊಳೀಬೇಡಿ."

ತೊಳೆಯದೆ ತುಂಬುವಾಗ ಅವನ ಮುಖ ನೋಡಬೇಕಿತ್ತು. ಹಲ್ಲುಜ್ಜದೆ ಊಟಕ್ಕೆ ಕೂರಿಸಿದಂತಿತ್ತು.

ಅವಳು ಶನಿವಾರದವರೆಗೆ ಕಾಯಲಿಲ್ಲ. ಆ ಮಧ್ಯಾಹ್ನವೇ ಕೊಳವೆ ಬದಲಿಸಿ, ತೊಳೆಯದ ಸೀಸೆಯ ನೀರು ಹಾಕಿದಳು. ಇಪ್ಪತ್ತಮೂರು. ಮತ್ತೆ ಹಾಕಿದಳು, ಇಪ್ಪತ್ತನಾಲ್ಕು. ಮಿತಿ ಹತ್ತು. ಆಸ್ಪತ್ರೆಯ ಶೋಧಕದಲ್ಲಿ ಎಲ್ಲೋ ಬಿರುಕಿತ್ತು. ತೊಟ್ಟಿಯ ಪುಸ್ತಕ ನಂಬುವುದಾದರೆ ಬಿರುಕಿಗೆ ಐದು ತಿಂಗಳ ವಯಸ್ಸು. ರಕ್ತಕ್ಕಿಳಿದ ಅಲ್ಯೂಮಿನಿಯಂ ಮೂಳೆಗೂ ಮಿದುಳಿಗೂ ಹತ್ತುತ್ತದೆ, ಮಾತು ತಡವರಿಸುತ್ತದೆ. ಭಾವನ ನಾಲಿಗೆ ಅದನ್ನು ಮೂರು ತಿಂಗಳಿಂದ ಹೇಳುತ್ತಲೇ ಇತ್ತು, ಕೇಳುವವರಿಗೆ ಭಾಷೆ ಗೊತ್ತಿರಲಿಲ್ಲ.

ಸಾಹೇಬರು ಎರಡು ಕಾಗದಗಳನ್ನೂ ನೋಡಿ ಕನ್ನಡಕ ತೆಗೆದರು. "ಆಸ್ಪತ್ರೆಗೆ ಈಗಲೇ ಫೋನು ಮಾಡಿ. ಈ ವಾರ ಇಪ್ಪತ್ತಮೂರು ಅಂತ ಬರೀರಿ. ಮುಗೀತು."

"ಹಿಂದಿನದ್ದು?"

"ಹಿಂದಿನದ್ದು ಯಾಕೆ ಕೆದಕ್ತೀರಿ? ಹನ್ನೊಂದು ತಿಂಗಳ ಕಾಗದದ ಮೇಲೆ ನಿಮ್ಮ ಸಹಿ ಇದೆ. ಕೆಳಗೆ ನನ್ನದು. ನಲವತ್ತೇಳು ವರದಿ. ತಪ್ಪು ಮಾಡಿದೋನು ಅವನು, ಸೀಸೆ ತೊಳೆದೋನು."

"ತೊಳೆಯೋದು ಅವನ ಸ್ವಭಾವ ಸಾರ್. ಪಟ್ಟಿ ಅದ್ದಿ ನೋಡೋದು ನನ್ನ ಕೆಲಸ. ನಾನು ನೋಡಲಿಲ್ಲ." ಅವಳು ನಿಂತೇ ಇದ್ದಳು. "ಈ ವಾರದ್ದು ಮಾತ್ರ ಬರೆದ್ರೆ ಡಾಕ್ಟರಮ್ಮ ಏನಂತ ತಿಳ್ಕೋತಾರೆ? ನೀರು ನಿನ್ನೆ ಕೆಟ್ಟಿದೆ, ಇವತ್ತು ಸಿಕ್ಕಿದೆ, ಸರಿ ಮಾಡಿಸೋಣ. ಅಷ್ಟೇ. ಆ ಕುರ್ಚಿಗಳಲ್ಲಿ ಹನ್ನೊಂದು ಜನ ಕೂರ್ತಾರೆ. ಐದು ತಿಂಗಳಿಂದ ಒಳಗೆ ಹೋಗಿದೆ ಅಂತ ಗೊತ್ತಾಗದೆ ಅವರ ರಕ್ತ ಯಾರು ಪರೀಕ್ಷೆ ಮಾಡ್ತಾರೆ?"

"ಅವರಲ್ಲಿ ಒಬ್ಬರು ನಿಮ್ಮ ಭಾವ. ಅದಕ್ಕೇ ಇಷ್ಟು..."

"ಹೌದು ಸಾರ್. ಭಾವ ಇರದಿದ್ರೆ ನಾನು ಹುಡುಕ್ತಾನೇ ಇರಲಿಲ್ಲ. ಅದನ್ನೂ ಬೇಕಾದ್ರೆ ಬರೀತೀನಿ."

ಸಾಹೇಬರು ಬಹಳ ಹೊತ್ತು ಕನ್ನಡಕದ ಗಾಜು ಒರೆಸಿದರು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುತ್ತೇನೆಂದು ಇನ್ನೊಬ್ಬರು ಮುಂದೆ ಬಂದಾಗ, ಹಗ್ಗ ಕೊಡಲಾರೆ ಎನ್ನುವುದು ಎಂಥ ಅಧಿಕಾರಿಗೂ ಕಷ್ಟ. "ಬರೀರಿ," ಎಂದರು. "ಸಹಿ ಜಾಗ ಸ್ವಲ್ಪ ದೊಡ್ಡದು ಬಿಡಿ. ಇಬ್ಬರದೂ ಹಿಡೀಬೇಕು."

ಪತ್ರ ಏಳು ಸಾಲು. ನಲವತ್ತೇಳು ವರದಿಗಳ ಅಲ್ಯೂಮಿನಿಯಂ ಅಂಕಿಗಳನ್ನು ನಂಬಬಾರದು, ನಿಜವಾದ ಪ್ರಮಾಣ ಹೆಚ್ಚಿತ್ತು, ಬಹುಶಃ ಐದು ತಿಂಗಳಿಂದ ಮಿತಿ ಮೀರಿತ್ತು, ಕಾರಣ ಪ್ರಯೋಗಾಲಯ ಸೀಸೆಗಳನ್ನು ಸ್ವೀಕರಿಸುವಾಗ ಪರೀಕ್ಷಿಸದಿದ್ದುದು. ಸ್ವಚ್ಛರಾಯನ ಹೆಸರು ಅದರಲ್ಲಿ ಇರಲಿಲ್ಲ. ಹನ್ನೊಂದು ತಿಂಗಳು ಅವಳ ಮಾನ ಕಾಪಾಡಿದವನಿಗೆ ಒಂದು ಪತ್ರದಲ್ಲಿ ಅವಳು ಋಣ ತೀರಿಸಿದಳು ಎನ್ನಬಹುದು. ಅವನು ತಾನೇ ಡಾಕ್ಟರಮ್ಮನ ಬಳಿ ಹೋಗಿ ಎಲ್ಲವನ್ನೂ ಹೇಳಿಬಿಟ್ಟನಂತೆ. ಮನಸ್ಸಿನಲ್ಲೂ ಕೊಳೆ ಇಟ್ಟುಕೊಳ್ಳುವ ಮನುಷ್ಯನಲ್ಲ.

ಡಯಾಲಿಸಿಸ್ ಕೋಣೆ ಒಂಬತ್ತು ದಿನ ಮುಚ್ಚಿತು. ಹನ್ನೊಂದು ಜನರನ್ನು ಎರಡು ಗಂಟೆ ದೂರದ ಇನ್ನೊಂದು ಆಸ್ಪತ್ರೆಗೆ ವ್ಯಾನಿನಲ್ಲಿ ಕರೆದೊಯ್ದರು. ಶೋಧಕದ ಒಳಪೊರೆ ಬದಲಾಯಿತು. ಹನ್ನೊಂದು ಜನರ ರಕ್ತವೂ ದೊಡ್ಡ ಊರಿಗೆ ಹೋಗಿ ಬಂತು. ನಾಲ್ವರಲ್ಲಿ ಲೋಹ ಹೆಚ್ಚು, ಭಾವ ಆ ನಾಲ್ವರಲ್ಲಿ ಒಬ್ಬ. ಅದನ್ನು ಮೆಲ್ಲಗೆ ಹೊರಗೆಳೆಯುವ ಔಷಧಿ ಇದೆ ಎಂದರು ಡಾಕ್ಟರಮ್ಮ. ಸರಿಯಾಗಲು ತಿಂಗಳುಗಳು ಬೇಕು, ಇನ್ನೂ ಆರು ತಿಂಗಳು ಗೊತ್ತಾಗದೆ ಹೋಗಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ ಎಂದೂ ಹೇಳಿದರು.

ಅವಳು ಭಾವನಿಗೆ ವಿಷಯವನ್ನು ತಾನೇ ಹೇಳಿದಳು, ಎದುರಿಗೆ ಕೂತು, ಈಚೆಗೆ ಆರು ಎಂದದ್ದು ನಿಜಕ್ಕೂ ಇಪ್ಪತ್ತರ ಮೇಲಿತ್ತು ಎಂದು. ಭಾವ ಅವಳನ್ನು ಬಹಳ ಹೊತ್ತು ನೋಡಿದ. ಮೌನ ಸಿಟ್ಟಿನದೋ ನಾಲಿಗೆಯದೋ ಅವಳಿಗೆ ಗೊತ್ತಾಗಲಿಲ್ಲ.

"ಇಪ್ಪತ್ತಮೂರರ ಮಾಲು," ಎಂದ ಕೊನೆಗೆ, ತಡವರಿಸುತ್ತ. "ಆರಕ್ಕೆ... ಆರಕ್ಕೆ ಕೂಗಿಬಿಟ್ಟೆಯಲ್ಲೇ, ಕತ್ತೆ. ನಮ್ಮ ಕಟ್ಟೆ ಮೇಲಾಗಿದ್ರೆ ಕಲ್ಲು ಹೊಡೀತಿದ್ರು." ಆಮೇಲೆ ಕೈಚಾಚಿ ಅವಳ ತಲೆಗೆ ಒಂದು ಮೊಟಕಿದ. ಅಕ್ಕ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಈಗ ಆಸ್ಪತ್ರೆಗೆ ಹೋಗುವ ಸೀಸೆಗಳ ಮೇಲೆ ಕೆಂಪು ಶಾಯಿಯ ಚೀಟಿ ಇರುತ್ತದೆ: 'ಒಳಗಿರುವ ಹನಿ ಕೊಳೆಯಲ್ಲ. ತೊಳೆಯಬಾರದು.' ಸ್ವಚ್ಛರಾಯ ಅದನ್ನು ಪಾಲಿಸುತ್ತಾನೆ, ಆದರೆ ಸೀಸೆಯ ಹೊರಮೈಯನ್ನು ಮೂರು ಸಲ ಒರೆಸಿಯೇ ಕಳಿಸುತ್ತಾನೆ. ಅದಕ್ಕೆ ಅವಳ ಆಕ್ಷೇಪಣೆ ಇಲ್ಲ. ಬಂದ ಸೀಸೆಗೆಲ್ಲ ಅವಳು ಮೊದಲು 'ಉಪ್ಪು ನೋಡುತ್ತಾಳೆ', ಪಟ್ಟಿ ಕೆಂಪಾದ ಮೇಲೆಯೇ ಉಳಿದ ಕೆಲಸ.

ನಾಲ್ಕು ತಿಂಗಳ ನಂತರ ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟ. ಭಾವ ಹಿಂದಿನ ದಿನವಷ್ಟೇ ಕುರ್ಚಿಯಿಂದ ಎದ್ದು ಬಂದಿದ್ದ. ಮೇಜಿನ ಮೇಲೆ ನೀರಿನ ಲೋಟ ಎತ್ತಿ ಹಿಡಿದು, "ಈ ವಾರದ ನೀರು ಎಷ್ಟು?" ಎಂದ.

"ಎರಡು."

"ಎರಡು! ಎರಡು ಒಂದು ಸಲ! ಎರಡು ಎರಡು ಸಲ!"

ನಿಂತ. ಅಕ್ಕನ ಕೈಯಲ್ಲಿ ಸೌಟು ನಿಂತಿತು. ಸೊನ್ನೆಯಮ್ಮನ ಹೆಬ್ಬೆರಳು, ಅವಳನ್ನು ಕೇಳದೆಯೇ, ಸೆರಗಿನ ಮರೆಯ ಸ್ಟಾಪ್‌ವಾಚನ್ನು ಒತ್ತಿತ್ತು. ಭಾವನ ಕಣ್ಣು ಒಬ್ಬರಿಂದ ಒಬ್ಬರಿಗೆ ಸುತ್ತಿತು, ಕಟ್ಟೆಯ ಮೇಲಿಂದ ಇನ್ನೊಬ್ಬ ಗಿರಾಕಿಯನ್ನು ಹುಡುಕುವ ಹಾಗೆ.

"ಮೂರು ಸಲ!" ಲೋಟ ಮೇಜಿಗೆ ಬಡಿಯಿತು, ನೀರು ಅಕ್ಕನ ಮೇಲೆ ಹಾರಿತು.

"ಎಷ್ಟು ಬಂತು?" ಎಂದ ಭಾವ.

ಅವಳು ಬೆಚ್ಚಿದಳು. "ನಿಮಗೆ ಗೊತ್ತಿತ್ತಾ?"

"ಐದು ತಿಂಗಳಿಂದ ನನ್ನ ಕೈಲಿ ಸುಮ್ಮಸುಮ್ಮನೆ ಹರಾಜು ಕೂಗಿಸ್ತಿದ್ದೀಯ. ಗಿರಾಕಿ ಯಾರು, ಕಳ್ಳಗಿರಾಕಿ ಯಾರು ಅಂತ ಗೊತ್ತಾಗದ ಹಾಗಿದ್ರೆ ಆ ಕಟ್ಟೆ ಮೇಲೆ ಒಂದು ದಿನ ನಿಲ್ಲೋಕಾಗ್ತಿತ್ತಾ? ಎಷ್ಟು ಬಂತು ಹೇಳು."

"ಎರಡು ಸೆಕೆಂಡು."

"ಅದರಲ್ಲಿ ಒಂದು ಸೆಕೆಂಡು ನಾನು ಬೇಕಂತಲೇ ನಿಲ್ಲಿಸಿದ್ದು. ಕೊನೇ ಕೂಗಿಗೆ ಮುಂಚೆ ಜನರ ಹೊಟ್ಟೇಲಿ ಸಂಕಟ ಆಗಬೇಕು, ಅದು ಕಸುಬು."

ಸೊನ್ನೆಯಮ್ಮ ಚೀಲದಿಂದ ಸಣ್ಣ ಪುಸ್ತಕ ತೆಗೆದು ಪೆನ್ಸಿಲನ್ನು ನಾಲಿಗೆಗೆ ತಾಗಿಸಿದಳು. "ಹಾಗಾದ್ರೆ ಸರಿ ಭಾವ," ಎಂದಳು. "ಅಷ್ಟನ್ನ ಖಾಲಿ ಅಂತ ಕಳೆದು ಬರ್ಕೋತೀನಿ."